ಕಾಟರ್ ಪಿನ್ ಮತ್ತು ನನ್ನ ಪ್ರಕರಣ ಅಧ್ಯಯನ

ಇಂಟರ್ನ್‌ಶಿಪ್ ಮುಗಿಸಿ ಕಾಲೇಜಿಗೆ ಮರಳಿದ ಮೇಲೆ ನಾವೆಲ್ಲ ಒಪ್ಪಿಸಬೇಕಾದ ದಾಖಲೆಗಳಲ್ಲಿ ಪ್ರಕರಣ ಅಧ್ಯಯನವೂ ಒಂದು. ನನ್ನ ಪುಸ್ತಕದಲ್ಲಿ ಆ ಭಾಗದ ನಾಲ್ಕು ಪುಟಗಳಿಗೆ ಅಡ್ಡಗೆರೆ ಎಳೆದು, ಮುಂದಿನ ಪುಟದಿಂದ ಹೊಸದಾಗಿ ಬರೆದಿದ್ದೇನೆ. ಹಳೆಯ ಪುಟಗಳನ್ನು ಕಿತ್ತುಹಾಕಿ ನೀಟಾಗಿ ಬರೆದುಕೊಡಲೇ ಎಂದು ಕೇಳಿದ್ದಕ್ಕೆ ಮಾರ್ಗದರ್ಶಕಿ ಮೇಡಂ, "ಬೇಡ, ಇರಲಿ, ಅದೂ ದಾಖಲೆಯೇ" ಎಂದರು. ಆ ಪುಟಗಳಿಗೆ ಗೆರೆ ಎಳೆಯುವಂತೆ ಮಾಡಿದ್ದು ಸೈಕಲ್ಲಿನ ಒಂದು ಕಾಟರ್ ಪಿನ್ನು. ಬೆರಳುದ್ದವೂ ಇಲ್ಲದ ಕಬ್ಬಿಣದ ತುಂಡು. ಅದು ಯಾಕೆ ಪದೇ ಪದೇ ಸಡಿಲವಾಗುತ್ತಿತ್ತು ಎಂಬುದನ್ನು ತಿಳಿಯಲು ನನಗೆ ಮೂರು ವಾರ ಬೇಕಾಯಿತು. ಆ ಮೂರು ವಾರಗಳಲ್ಲಿ ನಾನು ಮಾಡಿದ ತಪ್ಪುಗಳು ಮುಂದಿನ ತಂಡದವರಿಗೆ ಉಪಯೋಗಕ್ಕೆ ಬರಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ನನಗೆ ಸಿಕ್ಕಿದ್ದು ತಿಪಟೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಸುತ್ತಲೂ ತೆಂಗಿನ ತೋಟ. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸುತ್ತಲಿನ ಹಳ್ಳಿಗಳಿಂದ ಸೈಕಲ್ಲಿನಲ್ಲಿ ಬರುತ್ತಾರೆ. ಪ್ರಕರಣ ಅಧ್ಯಯನಕ್ಕೆ ನಾನು ಎಂಟನೇ ತರಗತಿಯ ಒಬ್ಬ ಹುಡುಗನನ್ನು ಆರಿಸಿಕೊಂಡೆ. ದಾಖಲೆಯಲ್ಲಿ ಇರುವಂತೆ ಇಲ್ಲಿಯೂ ಅವನನ್ನು 'ಮ' ಎಂದು ಕರೆಯುತ್ತೇನೆ. ಆರಿಸಿಕೊಳ್ಳಲು ಕಾರಣ ಸರಳ. ವಾರದಲ್ಲಿ ಮೂರು ದಿನವಾದರೂ ಅವನು ಪ್ರಾರ್ಥನೆ ಮುಗಿದ ಮೇಲೆ ಬರುತ್ತಿದ್ದ. ಮೊದಲ ಅವಧಿ ಗಣಿತ. ತಡವಾಗಿ ಬಂದವರು ಆ ಅವಧಿ ಮುಗಿಯುವವರೆಗೆ ಹೊರಗೆ ನಿಲ್ಲಬೇಕು. ಗಣಿತದಲ್ಲಿ ಅವನ ಅಂಕಗಳು ಇಳಿದಿದ್ದವು. ಮೊದಲ ಎರಡು ವಾರ ವೀಕ್ಷಿಸಿ ನಾನು ಬರೆದದ್ದು ಹೀಗಿದೆ: "ಸಮಯಪಾಲನೆ: ಇಲ್ಲ. ವೈಯಕ್ತಿಕ ಶುಚಿತ್ವ: ಕಡಿಮೆ, ಕೈಗಳು ಸದಾ ಕೊಳಕು. ಕಲಿಕೆಯಲ್ಲಿ ಆಸಕ್ತಿ: ಕಡಿಮೆ. ಸಂಭವನೀಯ ಕಾರಣ: ಮನೆಯಲ್ಲಿ ಗಮನ ಕೊಡುವವರಿಲ್ಲ. ಸಲಹೆ: ಆಪ್ತ ಸಮಾಲೋಚನೆ, ಗಣಿತದಲ್ಲಿ ಪರಿಹಾರ ಬೋಧನೆ." ಎಲ್ಲ ಕಲಂಗಳೂ ತುಂಬಿದ್ದವು. ಓದಲು ಚೆನ್ನಾಗಿಯೇ ಇತ್ತು.

ಮೂರನೇ ವಾರ ನನ್ನ ಪಾಠ ಘರ್ಷಣೆಯ ಮೇಲೆ. ಮಾರ್ಗದರ್ಶಕಿ ಮೇಡಂ ವೀಕ್ಷಣೆಗೆ ಬಂದಿದ್ದರು. ಘರ್ಷಣೆಯಿಂದ ತೊಂದರೆ ಇರುವಂತೆ ಉಪಯೋಗವೂ ಇದೆ ಎಂದು ತೋರಿಸಲು ದೊಡ್ಡದೊಂದು ನಟ್ಟು, ಬೋಲ್ಟು ತಂದಿದ್ದೆ. ನಟ್ಟನ್ನು ಬೋಲ್ಟಿಗೆ ಹಾಕಿ, ಒಂದು ಮರದ ಪಟ್ಟಿಗೆ ಬಿಗಿದು, ತಲೆಕೆಳಗು ಮಾಡಿ ಅಲ್ಲಾಡಿಸಿ, "ನಟ್ಟು ಯಾಕೆ ಬೀಳಲಿಲ್ಲ?" ಎಂದು ಕೇಳಿದೆ. "ಘರ್ಷಣೆ ಇರುವುದರಿಂದ" ಎಂದು ಇಡೀ ತರಗತಿ ಹೇಳಿತು. ಹಿಂದಿನ ಬೆಂಚಿನಿಂದ ಮ ಎದ್ದು ನಿಂತ.

"ಮಿಸ್, ಹಂಗಾದ್ರೆ ನನ್ ಸೈಕಲ್ ಪೆಡ್ಲು ಯಾಕ್ ಬಿಚ್ಕೊಳ್ಳುತ್ತೆ?"

"ಸರಿಯಾಗಿ ಬಿಗಿ ಮಾಡಿರೋದಿಲ್ಲ. ಗಟ್ಟಿಯಾಗಿ ಬಿಗಿ ಮಾಡು, ಬಿಚ್ಚಿಕೊಳ್ಳಲ್ಲ" ಎಂದೆ. ಒಂದಿಬ್ಬರು ನಕ್ಕರು. "ದಿನಾ ಬಿಗಿ ಮಾಡ್ತೀನಿ ಮಿಸ್" ಎಂದು ಅವನು ಹೇಳುವಷ್ಟರಲ್ಲಿ ನಾನು ಕೈಸನ್ನೆ ಮಾಡಿ ಕೂರಿಸಿ, ಮುಂದಿನ ಕಲಿಕಾಂಶಕ್ಕೆ ಹೋದೆ. ಗಡಿಯಾರ ನೋಡುತ್ತಿದ್ದೆ. ಮೌಲ್ಯಮಾಪನದ ಪ್ರಶ್ನೆಗಳಿಗೆ ಆರೇ ನಿಮಿಷ ಉಳಿದಿತ್ತು.

ಪಾಠದ ನಂತರ ಮೇಡಂ ನನ್ನ ಪಾಠ ಯೋಜನೆಯ ಅಂಚಿನಲ್ಲಿ ಬರೆದ ಟಿಪ್ಪಣಿಗಳಲ್ಲಿ ಹೆಚ್ಚಿನವು ಒಳ್ಳೆಯವೇ. ಕಪ್ಪುಹಲಗೆಯ ಬಳಕೆ ಚೆನ್ನಾಗಿದೆ, ಧ್ವನಿ ಸ್ಪಷ್ಟವಾಗಿದೆ ಎಂದಿದ್ದರು. ಕೊನೆಯ ಸಾಲು ಮಾತ್ರ ಬೇರೆ: "ಪ್ರಶ್ನೆ ಕೇಳಿದವನನ್ನು ಕೂರಿಸಿದಿರಿ. ಪ್ರಶ್ನೆ ಇನ್ನೂ ನಿಂತೇ ಇದೆ."

ಅವತ್ತು ಸಂಜೆ ಸೈಕಲ್ ನಿಲ್ಲಿಸುವ ಕಡೆಗೆ ಹೋಗಿ ಅವನ ಸೈಕಲ್ ತೋರಿಸು ಎಂದೆ. ಅಣ್ಣ ಓಡಿಸಿ ಬಿಟ್ಟ ಹಳೆಯ ಸೈಕಲ್ಲು. ಅವನು ಪೆಡ್ಲು ಎಂದದ್ದು ಕಾಲಿಡುವ ಪೆಡಲನ್ನು ಅಲ್ಲವೆಂದು ಆಗ ಗೊತ್ತಾಯಿತು. ಪೆಡಲನ್ನು ನಡುವಿನ ಆಕ್ಸಲ್ಲಿಗೆ ಸೇರಿಸುವ ಕಬ್ಬಿಣದ ತೋಳು, ಅಂದರೆ ಕ್ರ್ಯಾಂಕು, ಆಕ್ಸಲ್ಲಿನ ಮೇಲೆ ಅತ್ತಿತ್ತ ಆಡುತ್ತಿತ್ತು. ಅವನು ಕೈಯಿಂದ ಅಲ್ಲಾಡಿಸಿ ತೋರಿಸಿದ. ಪ್ರತಿ ಸುತ್ತಿಗೂ ಟಕ್ ಎನ್ನುತ್ತದೆ, ದಿಬ್ಬ ಏರುವಾಗ ಕಾಲು ಜಾರಿದಂತಾಗುತ್ತದೆ ಎಂದ. ಮನೆಯಿಂದ ಶಾಲೆಗೆ ಐದು ಕಿಲೋಮೀಟರ್. ನಾಲೆಯ ಸೇತುವೆ ಹತ್ತಿರ ಬರುವಷ್ಟರಲ್ಲಿ ತೋಳು ಪೂರ್ತಿ ಸಡಿಲವಾಗುತ್ತದೆ. ಅಲ್ಲಿ ಇಳಿದು, ಕಲ್ಲಿನಿಂದ ಪಿನ್ನನ್ನು ಕುಟ್ಟಿ, ನಟ್ಟು ತಿರುಗಿಸಿ ಮತ್ತೆ ಹೊರಡಬೇಕು. ಕೈಯೆಲ್ಲ ಗ್ರೀಸು.

ಇದೆಲ್ಲಕ್ಕೂ ಅವನು ಮದ್ದುಗಳನ್ನು ಹುಡುಕಿದ್ದ. "ನಟ್ಟಿನ್ ಕೆಳಗೆ ಗೋಣಿದಾರ ಸುತ್ತಿದ್ದೆ ಮಿಸ್, ಎರಡು ದಿನ ಬಂತು. ಡಬ್ಬದ ತಗಡು ಕತ್ತರಿಸಿ ಪಿನ್ನಿನ್ ಪಕ್ಕ ಇಟ್ಟೆ, ಒಂಬತ್ತು ದಿನ ಬಂತು. ಆಮೇಲೆ ತಗಡೇ ಹರಿದೋಯ್ತು." ನಟ್ಟಿನ ಕೆಳಗೆ ಇಟ್ಟದ್ದಕ್ಕಿಂತ ಪಿನ್ನಿನ ಪಕ್ಕದಲ್ಲಿ ಇಟ್ಟದ್ದು ಹೆಚ್ಚು ದಿನ ಬಾಳಿತು ಎಂಬುದನ್ನು ಅವನೇ ಗಮನಿಸಿ ಹೇಳುತ್ತಿದ್ದ. ಕಾರಣ ಅಲ್ಲೇ ಇತ್ತು. ನನಗೆ ಹೊಳೆಯಲಿಲ್ಲ. ನನ್ನ ಮನಸ್ಸಿನಲ್ಲಿ ಇನ್ನೂ ತರಗತಿಯಲ್ಲಿ ಕೊಟ್ಟ ಉತ್ತರವೇ ಇತ್ತು. ಗಟ್ಟಿಯಾಗಿ ಬಿಗಿ ಮಾಡಬೇಕು, ಹುಡುಗನ ಕೈಗೆ ಅಷ್ಟು ಶಕ್ತಿ ಇಲ್ಲ.

ಮರುದಿನ ಸಹ ಪ್ರಶಿಕ್ಷಣಾರ್ಥಿಯೊಬ್ಬರ ಬೈಕಿನಿಂದ ಸ್ಪ್ಯಾನರ್ ತಂದೆ. ಊಟದ ಬಿಡುವಿನಲ್ಲಿ ಹತ್ತು ಹದಿನೈದು ಮಕ್ಕಳು ಸುತ್ತ ನಿಂತಿದ್ದರು. ಸ್ಪ್ಯಾನರಿನ ಮೇಲೆ ಎರಡೂ ಕೈಯಿಟ್ಟು ಮೈಭಾರ ಹಾಕಿ ತಿರುಗಿಸಿದೆ. ನಟ್ಟು ಬಿಗಿಯಾಯಿತು, ಇನ್ನೂ ಬಿಗಿಯಾಯಿತು, ಆಮೇಲೆ ಇದ್ದಕ್ಕಿದ್ದಂತೆ ಹಗುರವಾಗಿ ತಿರುಗತೊಡಗಿತು. ಥ್ರೆಡ್ ಹೋಗಿತ್ತು. ಮ ಏನೂ ಹೇಳಲಿಲ್ಲ. ಸಂಜೆ ಅವನು ಸೈಕಲ್ಲನ್ನು ತಳ್ಳಿಕೊಂಡು ಐದು ಕಿಲೋಮೀಟರ್ ನಡೆದು ಹೋದ. ಮರುದಿನ ನಡೆದೇ ಬಂದ. ಎರಡನೇ ಅವಧಿಯೂ ಅರ್ಧ ಮುಗಿದಿತ್ತು. ಹಾಜರಿ ಪುಸ್ತಕದಲ್ಲಿ ಅದು ಅವನ ತಪ್ಪಾಗಿಯೇ ದಾಖಲಾಯಿತು.

ಶನಿವಾರ ಶಾಲೆ ಬಿಟ್ಟ ಮೇಲೆ ಅವನನ್ನೂ ಸೈಕಲ್ಲನ್ನೂ ಕರೆದುಕೊಂಡು ಬಸ್ ನಿಲ್ದಾಣದ ಪಕ್ಕದ ಸೈಕಲ್ ಶಾಪಿಗೆ ಹೋದೆ. ಅಂಗಡಿಯ ಯಜಮಾನರಿಗೆ ಅರವತ್ತು ದಾಟಿರಬೇಕು. ನಟ್ಟು ನೋಡಿದವರೇ, "ಇದನ್ನ ಯಾರು ಹಿಂಗೆ ತಿರುವಿದ್ದು?" ಎಂದರು. ನಾನೇ ಎಂದೆ. ಅವರು ನಗಲಿಲ್ಲ. ಒಂದು ಬೋಲ್ಟಿನ ತುಂಡು ಇಟ್ಟು ಹಿಂದಿನಿಂದ ಹೊಡೆದು ಪಿನ್ನನ್ನು ಹೊರತೆಗೆದು ನನ್ನ ಅಂಗೈ ಮೇಲೆ ಹಾಕಿದರು.

"ಏನ್ ಕಾಣ್ತದೆ ಮೇಡಮ್ಮೋರೆ?"

ಗುಂಡಾದ ಸಣ್ಣ ಸರಳು. ಒಂದು ಬದಿಯನ್ನು ಓರೆಯಾಗಿ ಚಪ್ಪಟೆ ಮಾಡಿದ್ದಾರೆ. ಆ ಚಪ್ಪಟೆ ಮುಖದ ನಡುವೆ ಉಗುರಿಗೆ ಸಿಕ್ಕುವಂಥ ಒಂದು ಮೆಟ್ಟಿಲು ಬಿದ್ದಿತ್ತು. "ಇದು ಬೆಣೆ" ಎಂದರು ಅವರು. "ನಮ್ಮ ಕೊಡಲಿ ಕಾವಿಗೆ ಹೊಡೀತೀವಲ್ಲ, ಅದೇ ಬೆಣೆ. ಹಿಡ್ಕೊಳ್ಳೋದು ಬೆಣೆ. ನಟ್ಟು ಸುಮ್ಕೆ ಕಾವಲುಗಾರ. ಬೆಣೆ ಹಿಂದಕ್ಕೆ ಬರದಂಗೆ ನಿಂತಿರ್ತದೆ, ಅಷ್ಟೆ. ಕಾವಲುಗಾರನ ಕೈಲಿ ಗಾಡಿ ಎಳೆಸಿದ್ರೆ ಅವನ ಸೊಂಟ ಮುರೀತದೆ."

ಆಮೇಲೆ ಅವರು ಮಾಡಿದ್ದನ್ನು ನಾನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಹೊಸ ಪಿನ್ನನ್ನು ರಂಧ್ರಕ್ಕೆ ಹಾಕಿ ನೋಡಿದರು. ಈ ಪಿನ್ನುಗಳಲ್ಲಿ 9 ಮಿಲಿಮೀಟರಿನದೂ 9.5 ಮಿಲಿಮೀಟರಿನದೂ ಇರುತ್ತವೆ. ಅಳತೆ ತಪ್ಪಿದರೆ ಎಷ್ಟು ಹೊಡೆದರೂ ಅಷ್ಟೇ. ಚಪ್ಪಟೆ ಮುಖಕ್ಕೆ ಅರದಿಂದ ನಾಲ್ಕೈದು ಉಜ್ಜು ಕೊಟ್ಟು, ಮತ್ತೆ ಹಾಕಿ, ಹೊರತೆಗೆದು, ಎಲ್ಲಿ ಹೊಳಪು ಬಂದಿದೆ ಎಂದು ನೋಡಿದರು. ಹೊಳಪು ಒಂದೇ ಮೂಲೆಯಲ್ಲಿದ್ದರೆ ಅಲ್ಲಿ ಮಾತ್ರ ತಾಗುತ್ತಿದೆ ಎಂದು ಅರ್ಥ. ಮುಖದ ಉದ್ದಕ್ಕೂ ಹೊಳಪು ಬರುವವರೆಗೆ ಉಜ್ಜಿದರು. ಕ್ರ್ಯಾಂಕಿನ ಕೆಳಗೆ ದಪ್ಪ ಕಬ್ಬಿಣದ ಪೈಪನ್ನು ನೆಲಕ್ಕೆ ಆನಿಸಿ ನಿಲ್ಲಿಸಿದರು. ಹಾಗೆ ಆಸರೆ ಕೊಡದಿದ್ದರೆ ಸುತ್ತಿಗೆಯ ಪೆಟ್ಟು ಒಳಗಿನ ಗುಂಡುಗಳ ಮೇಲೆ ಬೀಳುತ್ತದೆ. ನಂತರ ಸುತ್ತಿಗೆಯಿಂದ ಪಿನ್ನಿನ ತಲೆಗೆ ನಾಲ್ಕು ಪೆಟ್ಟು ಹೊಡೆದರು. ಮೊದಲ ಪೆಟ್ಟಿನ ಸದ್ದು ಮಂದವಾಗಿತ್ತು. ನಾಲ್ಕನೆಯದು ಗಟ್ಟಿ ಕಬ್ಬಿಣಕ್ಕೆ ಹೊಡೆದಂತೆ ಕೇಳಿಸಿತು. ಆಮೇಲೆ ನಟ್ಟು. ಚಿಕ್ಕ ಸ್ಪ್ಯಾನರಿನಲ್ಲಿ, ಒಂದೇ ಕೈಯಲ್ಲಿ, ಸಾಧಾರಣ ಬಿಗಿ.

ಹುಡುಗನ ಕಡೆ ತಿರುಗಿ, "ನಾಡಿದ್ದು ಬಾ. ಓಡಿಸಿದ ಮೇಲೆ ಇದು ಇನ್ನೊಂಚೂರು ಒಳಕ್ಕೆ ಕೂರ್ತದೆ. ಆವಾಗ ಮತ್ತೆ ಎರಡು ಏಟು ಹೊಡೆದು ನಟ್ಟು ಹಿಡೀಬೇಕು. ಅದನ್ನ ಯಾರೂ ಮಾಡಲ್ಲ, ಅದಕ್ಕೇ ಮತ್ತೆ ಮತ್ತೆ ಬರ್ತಾರೆ" ಎಂದರು. ಸಡಿಲವಾದ ಪಿನ್ನಿನ ಮೇಲೆ ಓಡಿಸಿದಷ್ಟೂ ಅದರ ಮುಖಕ್ಕೆ ಪೆಟ್ಟು ಬಿದ್ದು ಮೆಟ್ಟಿಲು ಆಳವಾಗುತ್ತದೆ. ಮೆಟ್ಟಿಲು ಬಿದ್ದ ಪಿನ್ನು ಇನ್ನೂ ಬೇಗ ಸಡಿಲವಾಗುತ್ತದೆ. ಹೀಗಾಗಿ ಅದನ್ನೇ ಪ್ರತಿದಿನ ಬಿಗಿ ಮಾಡುವುದರಿಂದ ಪ್ರಯೋಜನವಿಲ್ಲ. ಹುಡುಗನ ತಗಡು ಒಂಬತ್ತು ದಿನ ಬಾಳಿದ್ದು ಯಾಕೆ ಎಂದು ಆಗ ಅರ್ಥವಾಯಿತು. ಅದು ಆಡುತ್ತಿದ್ದ ಜಾಗವನ್ನೇ ತುಂಬಿತ್ತು.

ನನ್ನ ತಮ್ಮ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದಾನೆ. ಆ ರಾತ್ರಿ ಅವನಿಗೆ ಫೋನ್ ಮಾಡಿದೆ. ಕಾಟರ್ ಪಿನ್ನಿನ ಸಂಗತಿ ಸರಿ, ಸಾಮಾನ್ಯ ನಟ್ಟು ಬೋಲ್ಟು ಯಾಕೆ ಸಡಿಲವಾಗುತ್ತವೆ ಎಂದು ಕೇಳಿದೆ. "ಅಕ್ಕಾ, ಬೋಲ್ಟ್ ಅಂದ್ರೆ ಒಂದು ಸ್ಪ್ರಿಂಗ್ ಅಂದ್ಕೋ" ಎಂದು ಶುರು ಮಾಡಿದ. ನಟ್ಟು ಬಿಗಿ ಮಾಡಿದಾಗ ಬೋಲ್ಟು ಕೂದಲೆಳೆಗಿಂತ ಕಡಿಮೆಯಾದರೂ ಸ್ವಲ್ಪ ಹಿಗ್ಗುತ್ತದೆ. ಹಿಗ್ಗಿದ ಬೋಲ್ಟು ಮತ್ತೆ ಕುಗ್ಗಲು ಎಳೆಯುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ನಾವು ಸ್ಪ್ಯಾನರಿನಲ್ಲಿ ಹಾಕುವ ಶ್ರಮದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸಲು ಹೋಗುತ್ತದೆ. ಉಳಿದದ್ದು ಥ್ರೆಡ್ಡಿನಲ್ಲಿ ಮತ್ತು ನಟ್ಟಿನ ಅಡಿಯಲ್ಲಿ ಘರ್ಷಣೆಗೆ ಖರ್ಚಾಗುತ್ತದೆ. ತುಕ್ಕು ಹಿಡಿದ ಬೋಲ್ಟು ಕೈಗೆ ಬಿಗಿ ಎನಿಸಿದರೂ ಒಳಗೆ ಎಳೆತವೇ ಇರಲಿಕ್ಕಿಲ್ಲ. ಕೈಗೆ ತಿಳಿಯುವ ಬಿಗಿಯೂ ನಿಜವಾದ ಹಿಡಿತವೂ ಒಂದೇ ಅಲ್ಲ.

ಅಡ್ಡಡ್ಡ ಅಲುಗಾಟ ಬೋಲ್ಟಿಗೆ ಎಷ್ಟು ಕೆಟ್ಟದ್ದು ಎಂಬುದನ್ನೂ ಅವನೇ ಹೇಳಿದ. ಬೋಲ್ಟಿನ ಉದ್ದಕ್ಕೆ ಎಳೆದು ಬಿಡುವುದಕ್ಕಿಂತ, ಜೋಡಿಸಿದ ಭಾಗಗಳು ಬೋಲ್ಟಿಗೆ ಅಡ್ಡಲಾಗಿ ಹಿಂದೆ ಮುಂದೆ ಜರುಗುವುದು ಹೆಚ್ಚು ಅಪಾಯ. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ತೋರಿಸಿದವು. ಹಾಗೆ ಅಡ್ಡ ಜರುಗಿದ ಕ್ಷಣದಲ್ಲಿ ಥ್ರೆಡ್ಡಿನ ಹಿಡಿತ ತಪ್ಪುತ್ತದೆ. ಓರೆಯಾದ ಥ್ರೆಡ್ಡಿನ ಮೇಲೆ ಎಳೆತ ಮೊದಲೇ ಇರುವುದರಿಂದ ನಟ್ಟು ಕೂದಲೆಳೆಯಷ್ಟು ಹಿಂದಕ್ಕೆ ತಿರುಗುತ್ತದೆ. ಸಾವಿರಾರು ಸಲ ಹೀಗಾದರೆ ಬಿಚ್ಚಿಹೋಗುತ್ತದೆ. ಅದೇ ಬಗೆಯ ಪರೀಕ್ಷೆಯಲ್ಲಿ, ನಾವೆಲ್ಲ ನಂಬುವ ಸುರುಳಿ ಸ್ಪ್ರಿಂಗ್ ವಾಷರ್ ಹೆಚ್ಚೇನೂ ನೆರವಾಗುವುದಿಲ್ಲ. ಬೋಲ್ಟು ಸರಿಯಾಗಿ ಬಿಗಿಯಾದ ಮೇಲೆ ಅದು ಚಪ್ಪಟೆಯಾಗಿ, ಸಾದಾ ವಾಷರಿನಂತೆ ಕೂರುತ್ತದೆ. ಎರಡು ನಟ್ಟು ಹಾಕುವುದಾದರೆ ತೆಳುವಾದದ್ದನ್ನು ಒಳಗೆ, ದಪ್ಪದ್ದನ್ನು ಹೊರಗೆ ಹಾಕಿ, ಒಳಗಿನದನ್ನು ಹಿಡಿದುಕೊಂಡು ಹೊರಗಿನದನ್ನು ಬಿಗಿ ಮಾಡಬೇಕು. ನಾವು ನೋಡುವ ಕಡೆಗಳಲ್ಲೆಲ್ಲ ಸಾಮಾನ್ಯವಾಗಿ ತಿರುಗುಮುರುಗಾಗಿ ಹಾಕಿರುತ್ತಾರೆ. ಒಳಗೆ ನೈಲಾನ್ ಬಳೆ ಇರುವ ನಟ್ಟು, ಥ್ರೆಡ್ಡಿಗೆ ಹಾಕುವ ಅಂಟು ದ್ರವ, ನಟ್ಟಿನ ಗಾಡಿಯಲ್ಲಿ ತೂರಿಸುವ ಸ್ಪ್ಲಿಟ್ ಪಿನ್ನು, ಇವೆಲ್ಲಕ್ಕೂ ಬೇರೆ ಬೇರೆ ಕೆಲಸ. ಸ್ಪ್ಲಿಟ್ ಪಿನ್ನು ನಟ್ಟು ಕಳಚಿ ಬೀಳದಂತೆ ತಡೆಯುತ್ತದೆ, ಬಿಗಿಯನ್ನು ಕಾಯುವುದಿಲ್ಲ. ಎತ್ತಿನ ಗಾಡಿಯ ಕಡಾಣಿಯ ಕೆಲಸವೂ ಅದೇ. ಕಡಾಣಿ ಇದ್ದರೂ ಚಕ್ರ ಅಚ್ಚಿನ ಮೇಲೆ ಆಡಬಹುದು, ಕಳಚಿ ಹೋಗುವುದಿಲ್ಲ ಅಷ್ಟೆ.

ಕೊನೆಗೆ ತಮ್ಮ ಒಂದು ಮಾತು ಹೇಳಿದ. "ಏನೇ ಸಡಿಲ ಆಗ್ತಿದ್ರೂ ಮೊದಲು ಸ್ಪ್ಯಾನರ್ ತಗೋಬೇಡ. ಏನು ಅಲ್ಲಾಡ್ತಿದೆ, ಯಾವ ಕಡೆಗೆ ಅಲ್ಲಾಡ್ತಿದೆ ನೋಡು."

ಶಾಲೆಯ ವಿಜ್ಞಾನ ಶಿಕ್ಷಕರ ಅನುಮತಿ ಪಡೆದು ಘರ್ಷಣೆಗೆ ಇನ್ನೊಂದು ಅವಧಿ ತೆಗೆದುಕೊಂಡೆ. ಈ ಸಲ ಪಾಠದ ಆರಂಭದಲ್ಲಿಯೇ, "ಮ ಕೇಳಿದ ಪ್ರಶ್ನೆಗೆ ನಾನು ಅವತ್ತು ತಪ್ಪು ಉತ್ತರ ಕೊಟ್ಟೆ" ಎಂದೆ. ಹಾಗೆ ಹೇಳಲು ಹಿಂದಿನ ರಾತ್ರಿಯೆಲ್ಲ ಅಂಜಿಕೆ ಇತ್ತು. ತರಗತಿಯ ಹಿಡಿತ ತಪ್ಪಬಹುದು ಎಂದುಕೊಂಡಿದ್ದೆ. ಮಕ್ಕಳು ಅದನ್ನು ದೊಡ್ಡ ವಿಷಯವೆಂದು ಎಣಿಸಲೇ ಇಲ್ಲ.

ಹಲಗೆಯ ಮೇಲೆ ಮೂರು ಕಲಂ ಹಾಕಿದೆ. ನಿಮ್ಮ ಮನೆಯಲ್ಲಿ ಪದೇ ಪದೇ ಸಡಿಲವಾಗುವ ವಸ್ತು ಯಾವುದು, ಅದರಲ್ಲಿ ಏನು ಅಲ್ಲಾಡುತ್ತದೆ, ಅದನ್ನು ಹಿಡಿದಿರುವುದು ಏನು. ಮೊದಲ ಕಲಂ ಐದು ನಿಮಿಷದಲ್ಲಿ ತುಂಬಿತು. ಗುದ್ದಲಿ ಕಾವು, ಪ್ರೆಶರ್ ಕುಕ್ಕರಿನ ಹಿಡಿ, ಸೈಕಲ್ಲಿನ ಮಡ್‌ಗಾರ್ಡು, ಬಾಗಿಲ ಕೀಲಿನ ಸ್ಕ್ರೂ, ಹೊಲಿಗೆ ಯಂತ್ರದ ಬೋಲ್ಟು, ಕನ್ನಡಕದ ಕಡ್ಡಿ. ಎರಡನೇ ಕಲಂ ತುಂಬಲು ಉಳಿದ ಅವಧಿಯೆಲ್ಲ ಹೋಯಿತು. ಕುಕ್ಕರಿನ ಹಿಡಿಯ ಸ್ಕ್ರೂ ಯಾಕೆ ಸಡಿಲವಾಗುತ್ತದೆ ಎಂದು ವಾದ ನಡೆಯಿತು. ಬಿಸಿಯಾಗಿ ಹಿಗ್ಗುವುದು ತಣ್ಣಗಾಗಿ ಕುಗ್ಗುವುದು ಒಂದು ಕಾರಣ, ತುಂಬಿದ ಕುಕ್ಕರನ್ನು ಹಿಡಿಯಿಂದ ಎತ್ತಿದಾಗ ಜೋಡಣೆ ಬಾಗುವುದು ಇನ್ನೊಂದು ಎಂದು ಮಕ್ಕಳೇ ಹೇಳಿದರು.

ಗುದ್ದಲಿ ಕಾವಿನ ಬಗ್ಗೆ ಒಬ್ಬ ಹುಡುಗಿ ಹೇಳಿದ ಮಾತು ನನಗೂ ಹೊಸದು. "ನಮ್ಮಪ್ಪ ರಾತ್ರಿ ನೀರಲ್ಲಿ ನೆನೆಹಾಕ್ತಾರೆ ಮಿಸ್, ಬೆಳಿಗ್ಗೆ ಬಿಗಿ ಇರುತ್ತೆ. ಒಣಗಿದ ಮೇಲೆ ಮೊದಲಿಗಿಂತ ಸಡಿಲ." ಮೊದಲಿಗಿಂತ ಯಾಕೆ ಸಡಿಲ ಎಂದು ಕೇಳಿದೆ. ತುಂಬ ಹೊತ್ತಿನ ನಂತರ ಮ ಹೇಳಿದ: ನೆನೆದ ಮರ ಊದಿಕೊಳ್ಳುತ್ತದೆ, ಕಬ್ಬಿಣದ ಕಣ್ಣು ಅದನ್ನು ಊದಲು ಬಿಡುವುದಿಲ್ಲ, ಮರ ಅಲ್ಲೇ ಜಜ್ಜಿಹೋಗುತ್ತದೆ, ಒಣಗಿದಾಗ ಜಜ್ಜಿದ್ದು ಮತ್ತೆ ತುಂಬಿಕೊಳ್ಳುವುದಿಲ್ಲ. ವಿವರಣೆ ಸರಿಯಾಗಿತ್ತು. ನನ್ನ ವೀಕ್ಷಣಾ ಪಟ್ಟಿಯಲ್ಲಿ 'ಕಲಿಕೆಯಲ್ಲಿ ಆಸಕ್ತಿ: ಕಡಿಮೆ' ಎಂದು ಬರೆದದ್ದು ಇವನ ಬಗ್ಗೆಯೇ.

ಎಡ ಪೆಡಲಿನ ವಿಚಾರಕ್ಕೆ ಒಂದು ಸುಲಭ ಪ್ರಯೋಗ ಮಾಡಿಸಿದೆ. ಯಾರು ಬೇಕಾದರೂ ತರಗತಿಯಲ್ಲಿ ಮಾಡಬಹುದು. ಎಡಗೈಯನ್ನು ಸಡಿಲವಾದ ಮುಷ್ಟಿ ಮಾಡಿ, ಅದರೊಳಗೆ ಪೆನ್ಸಿಲ್ ತೂರಿಸಿ, ಪೆನ್ಸಿಲಿನ ತುದಿಯನ್ನು ಬಲಗೈ ಬೆರಳಿನಿಂದ ವೃತ್ತಾಕಾರವಾಗಿ ಸುತ್ತಿಸಬೇಕು. ಪೆನ್ಸಿಲು ಮುಷ್ಟಿಯ ಒಳಗೋಡೆಗೆ ಉಜ್ಜಿಕೊಂಡು ಉರುಳುತ್ತಾ, ನಾವು ಸುತ್ತಿಸುವ ದಿಕ್ಕಿಗೆ ವಿರುದ್ಧವಾಗಿ ತನ್ನಷ್ಟಕ್ಕೆ ತಿರುಗುತ್ತದೆ. ಪೆಡಲಿನ ಮೇಲೆ ಕಾಲಿನ ಭಾರ ಸುತ್ತುತ್ತಾ ಬೀಳುವುದರಿಂದ ಅದರ ಥ್ರೆಡ್ಡೂ ಹೀಗೆಯೇ ನಿಧಾನವಾಗಿ ತಿರುಗಲು ನೋಡುತ್ತದೆ. ಹಾಗಾಗಿಯೇ ಸೈಕಲ್ಲಿನ ಎಡ ಪೆಡಲಿಗೆ ಎಡ ಥ್ರೆಡ್ ಇರುತ್ತದೆ. ಅದನ್ನು ಬಿಗಿ ಮಾಡಲು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಇಲ್ಲಿ ಬಿಚ್ಚುವ ಚಲನೆಯನ್ನೇ ಬಿಗಿಯುವ ಚಲನೆಯಾಗಿ ಮಾಡಿಕೊಂಡಿದ್ದಾರೆ. ಮಕ್ಕಳು ಹೊರಗೆ ಓಡಿ ತಮ್ಮ ಸೈಕಲ್ಲುಗಳನ್ನು ನೋಡಿ ಬಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಸಾರಾಂಶ, ಮೌಲ್ಯಮಾಪನ, ಗೃಹಕಾರ್ಯ ಯಾವುದೂ ಆಗಲಿಲ್ಲ. ಗದ್ದಲ ಹೆಚ್ಚಾಯಿತೆಂದು ಪಕ್ಕದ ತರಗತಿಯ ಶಿಕ್ಷಕರು ಬಂದು ಹೇಳಿ ಹೋದರು. ಪಾಠ ಯೋಜನೆಯ ಲೆಕ್ಕದಲ್ಲಿ ಇದು ಮೊದಲ ಪಾಠಕ್ಕಿಂತ ಕಳಪೆ.

ಅದರ ಮುಂದುವರಿಕೆಯಾಗಿ ಒಂದು ವಾರದ ಚಟುವಟಿಕೆ ಕೊಟ್ಟೆ. ಎಂಟು ಸೈಕಲ್ಲುಗಳ ಕ್ಯಾರಿಯರ್ ಮತ್ತು ಮಡ್‌ಗಾರ್ಡಿನ ನಟ್ಟುಗಳನ್ನು ಬಿಗಿ ಮಾಡಿ, ನಟ್ಟು, ಬೋಲ್ಟು ಎರಡರ ಮೇಲೂ ಹಾಯುವಂತೆ ಉಗುರುಬಣ್ಣದ ಒಂದು ಗೆರೆ ಎಳೆದರು. ನಟ್ಟು ತಿರುಗಿದರೆ ಗೆರೆ ಮುರಿಯುತ್ತದೆ. ವಾರದ ನಂತರ ನೋಡಿದಾಗ ಕೆಲವು ಗೆರೆಗಳು ಮುರಿದಿದ್ದವು, ಹೆಚ್ಚಿನವು ಹಾಗೆಯೇ ಇದ್ದವು. ಇಷ್ಟು ನಾನು ನಿರೀಕ್ಷಿಸಿದ್ದೆ. ಆದರೆ ಎರಡು ಕಡೆ ಗೆರೆ ಮುರಿದಿರಲಿಲ್ಲ, ನಟ್ಟು ಮಾತ್ರ ಸಡಿಲವಾಗಿತ್ತು. ಮಕ್ಕಳಿಗೆ ಇದು ಒಗಟು. ಬಿಚ್ಚಿ ನೋಡಿದರೆ ಎರಡೂ ಕಡೆ ನಟ್ಟಿನ ಕೆಳಗೆ ದಪ್ಪನಾದ ಬಣ್ಣದ ಪದರ, ಒಂದು ಕಡೆ ಪ್ಲಾಸ್ಟಿಕ್ ವಾಷರ್ ಕೂಡ. ನಟ್ಟು ತಿರುಗಿಯೇ ಇರಲಿಲ್ಲ. ಕೆಳಗಿನ ಮೆತ್ತನೆಯ ಪದರ ಕುಗ್ಗಿತ್ತು, ಅದರ ಜೊತೆ ಬೋಲ್ಟಿನ ಎಳೆತವೂ ಹೋಗಿತ್ತು. ಸೈಕಲ್ ಶಾಪಿನ ಯಜಮಾನರು ನಾಡಿದ್ದು ಮತ್ತೆ ಬಾ ಎಂದು ಹೇಳಿದ್ದರ ಅರ್ಥವೂ ಇದೇ. ಹೊಸ ಜೋಡಣೆ ಮೊದಲ ದಿನಗಳಲ್ಲಿ ಒತ್ತಡಕ್ಕೆ ಕೂತುಕೊಳ್ಳುತ್ತದೆ. ಕೂತ ಮೇಲೆ ಇನ್ನೊಮ್ಮೆ ಹಿಡಿಯಬೇಕು.

ಈಗ ಪ್ರಕರಣ ಅಧ್ಯಯನದ ಮಾತು. ನಾಲ್ಕು ಪುಟಗಳಿಗೆ ಗೆರೆ ಎಳೆದ ಮೇಲೆ ಮತ್ತೆ ಏನು ಬರೆಯುವುದೆಂದು ತೋಚಲಿಲ್ಲ. ಕೊಳಕು ಕೈಗಳೆಂದು ಬರೆದಿದ್ದೆನಲ್ಲ, ಅವು ದಿನಾ ಬೆಳಿಗ್ಗೆ ಶಾಲೆಗೆ ಬರಲೆಂದೇ ಸೈಕಲ್ ರಿಪೇರಿ ಮಾಡಿದ ಕೈಗಳು. ಮನೆಯಲ್ಲಿ ಗಮನ ಕೊಡುವವರಿಲ್ಲ ಎಂಬುದನ್ನು ಮನೆಗೆ ಹೋಗದೆ ಬರೆದಿದ್ದೆ. ನಂತರ ಹೋದೆ. ತಂದೆ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಬೆಳಗಾಗುವ ಮೊದಲೇ ಹೊರಡುತ್ತಾರೆ. ಹಾಲನ್ನು ಡೇರಿಗೆ ಹಾಕಿ ಬರುವುದು ಹುಡುಗನ ಕೆಲಸ. ಪಿನ್ನು ಹೊಸದಾದ ಮೇಲೆ ಅವನು ತಡವಾಗಿ ಬರುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಡೇರಿಯಲ್ಲಿ ಸಾಲು ಉದ್ದವಿದ್ದ ದಿನ ಈಗಲೂ ತಡವಾಗುತ್ತದೆ. ಅದನ್ನು ಮುಖ್ಯ ಶಿಕ್ಷಕರಿಗೆ ಹೇಳಿದೆ. ಅಂಥ ದಿನಗಳಲ್ಲಿ ಹೊರಗೆ ನಿಲ್ಲಿಸದೆ ಒಳಗೆ ಬಿಡಲು ಒಪ್ಪಿದರು. ಗಣಿತದಲ್ಲಿ ತಪ್ಪಿಹೋದ ಪಾಠಗಳಿಗೆ ಮಧ್ಯಾಹ್ನದ ಬಿಡುವಿನಲ್ಲಿ ಸಹ ಪ್ರಶಿಕ್ಷಣಾರ್ಥಿಯೊಬ್ಬರು ಕುಳಿತರು. ಪರಿಹಾರ ಬೋಧನೆ ಎಂದು ನಾನು ಮೊದಲೇ ಬರೆದಿದ್ದೆ, ನಿಜ. ಆದರೆ ಮೊದಲ ಅವಧಿಗೆ ಅವನು ಬರುವಂತಾಗದೆ ಅದನ್ನು ಮಾಡಿದ್ದರೆ ಒಂದು ಕಡೆ ಕಲಿಸಿದಷ್ಟೇ ಇನ್ನೊಂದು ಕಡೆ ತಪ್ಪಿಹೋಗುತ್ತಿತ್ತು.

ನೈದಾನಿಕ ಪರೀಕ್ಷೆಯ ಬಗ್ಗೆ ನಾವು ಎರಡನೇ ಸೆಮಿಸ್ಟರಿನಲ್ಲಿ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ. ಮಗುವಿನ ತಪ್ಪನ್ನು ಎಣಿಸುವುದಕ್ಕೂ ತಪ್ಪು ಎಲ್ಲಿಂದ ಬರುತ್ತಿದೆ ಎಂದು ನೋಡುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಬಾಯಿಪಾಠ ಹೇಳಬಲ್ಲೆ. ಆದರೂ ನಿಜವಾದ ಒಬ್ಬ ಹುಡುಗ ಎದುರು ನಿಂತಾಗ ನನ್ನ ಕೈ ಮೊದಲು ಹೋದದ್ದು ಸ್ಪ್ಯಾನರಿಗೇ. ತಡವಾಗಿ ಬಂದರೆ ಹೊರಗೆ ನಿಲ್ಲಿಸು, ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳು, ಇನ್ನೂ ಆಗದಿದ್ದರೆ ಜೋರಾಗಿ ಹೇಳು. ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ವಿನಂತಿ ಇಷ್ಟೇ. ಪ್ರಕರಣ ಅಧ್ಯಯನದಲ್ಲಿ 'ಸಂಭವನೀಯ ಕಾರಣ' ಎಂಬ ಕಲಂ ತುಂಬುವ ಮೊದಲು ಒಂದು ದಿನ ಮಗು ಬರುವ ದಾರಿಯಲ್ಲಿ ನಡೆದು ನೋಡಿ, ಅದರ ಮನೆಗೆ ಹೋಗಿ ಬನ್ನಿ. ಅದು ಆಗಲೇ ಯಾವ ಉಪಾಯಗಳನ್ನು ಮಾಡಿ ನೋಡಿದೆ, ಯಾವುದು ಎಷ್ಟು ದಿನ ಬಾಳಿತು ಎಂದು ಅದನ್ನೇ ಕೇಳಿ.

ಇಂಟರ್ನ್‌ಶಿಪ್ಪಿನ ಕೊನೆಯ ದಿನ ಮ ತನ್ನ ಸೈಕಲ್ಲಿನ ಬಳಿ ಕರೆದು ಕ್ರ್ಯಾಂಕನ್ನು ಅಲ್ಲಾಡಿಸಿ ತೋರಿಸಿದ. ಆಡುತ್ತಿರಲಿಲ್ಲ. ಹೇಳಿದ ದಿನವೇ ಅಂಗಡಿಗೆ ಹೋಗಿ ಎರಡು ಏಟು ಹೊಡೆಸಿಕೊಂಡು ಬಂದಿದ್ದನಂತೆ. "ಆದ್ರೆ ಮಿಸ್, ಆಕ್ಸಲ್ಲೂ ಸವೆದಿದೆಯಂತೆ. ಪಿನ್ನು ಕೂರೋ ಜಾಗ ಗುಂಡಗಾಗಿದೆ, ಆರು ತಿಂಗಳು ಬಂದ್ರೆ ಹೆಚ್ಚು ಅಂದ್ರು. ಆಕ್ಸಲ್ ಬದಲಾಯಿಸ್ಬೇಕಾ?" ಹೌದು, ಬದಲಾಯಿಸಬೇಕು ಎಂದೆ. ಹಳೆಯ ಆಕ್ಸಲ್ಲಿನ ಮೇಲೆ ಎಷ್ಟು ಹೊಸ ಪಿನ್ನು ಹಾಕಿದರೂ ಅದು ಕೆಡಿಸುತ್ತಲೇ ಇರುತ್ತದೆ. ಬೆಲೆ ಎಷ್ಟು, ತಂದೆಗೆ ಯಾವಾಗ ಹೇಳುವುದು ಎಂದು ಇಬ್ಬರೂ ಲೆಕ್ಕ ಹಾಕಿದೆವು. ಪುಸ್ತಕದ ಕೊನೆಯ ಕಲಮಾದ 'ಮುಂದಿನ ಕ್ರಮ'ದಲ್ಲಿ ಅದನ್ನೇ ಬರೆದಿದ್ದೇನೆ. ಈ ವರ್ಷ ಅದೇ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ದಯವಿಟ್ಟು ಆ ಆಕ್ಸಲ್ ಏನಾಯಿತೆಂದು ವಿಚಾರಿಸಬೇಕು. ಮೆಟ್ಟಿಲು ಬಿದ್ದ ಹಳೆಯ ಪಿನ್ನು ನಮ್ಮ ವಿಜ್ಞಾನ ಪ್ರಯೋಗಾಲಯದ ಬೋಧನೋಪಕರಣಗಳ ಪೆಟ್ಟಿಗೆಯಲ್ಲಿದೆ. ಘರ್ಷಣೆಯ ಪಾಠಕ್ಕೆ ಬೇಕಾದವರು ತೆಗೆದುಕೊಳ್ಳಬಹುದು.